ಈಕೋ ಹಲಗೆ, ಜಿಮ್ನಿ ಮೇಲಿನ ಟೆಂಟು, ಭಾವನ ಟ್ರೈಲರ್: ಮೂರರಲ್ಲೂ ಮಲಗಿ ನೋಡಿದ್ಮೇಲೆ

ಕ್ಯಾಂಪಿಂಗ್‌ಗೆ ಯಾವ ಗಾಡಿ ಒಳ್ಳೇದು ಅಂತ ಮಾತು ಶುರುವಾದ್ರೆ ಎಲ್ರೂ ಮೊದ್ಲು ಕೇಳೋದು ಫೋರ್ ಬೈ ಫೋರ್, ಅಂದ್ರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಇದ್ಯಾ ಅಂತ. ನಾನು ಕೇಳೋದು ಬೇರೆ. ರಾತ್ರಿ ಎಂಟೂವರೆ, ಮಲೆನಾಡಿನ ಜಡಿಮಳೆ, ಊಟ ಆಗಿಲ್ಲ, ಗಾಡಿ ನಿಲ್ಲಿಸಿದ್ಮೇಲೆ ಎಷ್ಟು ನಿಮಿಷಕ್ಕೆ ಒಣ ಹಾಸಿಗೆ ಮೇಲೆ ಬೆನ್ನು ಹಾಕ್ತೀರಾ? ಎರಡು ವರ್ಷದಲ್ಲಿ ಮೂರು ತರದ ಸೆಟಪ್‌ನಲ್ಲಿ ಮಲಗಿದೀನಿ, ನಮ್ಮನೆ ಮಾರುತಿ ಈಕೋ ವ್ಯಾನ್ ಒಳಗೆ ಮಲಗೋಕೆ ನಾನೇ ಹಾಕಿದ ಹಲಗೆ, ಗೆಳೆಯನ ಮಾರುತಿ ಜಿಮ್ನಿ ಜೀಪಿನ ಮೇಲಿನ ಟೆಂಟು, ಆಮೇಲೆ ನಮ್ಮ ಭಾವ ಇಸುಜು ವಿ-ಕ್ರಾಸ್ ಪಿಕಪ್ ಹಿಂದೆ ಎಳ್ಕೊಂಡು ಬರೋ ಟ್ರೈಲರು. ಮೂರನ್ನೂ ಸಕಲೇಶಪುರದ ಹತ್ರ ಒಂದೇ ಕಾಫಿ ತೋಟದ ಅಂಗಳದಲ್ಲಿ ಜುಲೈ ತಿಂಗಳಲ್ಲಿ ನಿಲ್ಲಿಸಿದ್ವಿ, ಅದಕ್ಕೇ ಹೋಲಿಸೋ ಧೈರ್ಯ ಮಾಡ್ತಿದೀನಿ.

ಈಕೋ ಮೊದ್ಲು, ಯಾಕಂದ್ರೆ ಅದ್ರಲ್ಲೇ ಜಾಸ್ತಿ ಕೈ ಕೆಸರು ಮಾಡ್ಕೊಂಡಿರೋದು. ಟ್ರಿಪ್ ಹಿಂದಿನ ದಿನ ಹಿಂದಿನ ಸೀಟಿನ ಬೋಲ್ಟ್ ಬಿಚ್ಚಿ ಸೀಟ್ ಮನೇಲಿ ಇಡ್ತೀನಿ, ಅದೇ ತೂತಿಗೆ ಒಂದಿಂಚಿನ ಚೌಕ ಪೈಪಿನ ಫ್ರೇಮ್ ಕೂರಿಸಿ ಮೇಲೆ ಪ್ಲೈವುಡ್. ಬಾಡಿಗೆ ಒಂದೇ ಒಂದು ಹೊಸ ತೂತು ಹೊಡೆದಿಲ್ಲ, ವಾಪಸ್ ಬಂದ್ರೆ ಅರ್ಧ ಗಂಟೇಲಿ ಮತ್ತೆ ಮಾಮೂಲಿ ಈಕೋ. ಮೊದ್ಲು ಹದಿನೆಂಟು ಎಂಎಂ ಪ್ಲೈ ಹಾಕಿದ್ದೆ, ಎಂಟಡಿ ನಾಲ್ಕಡಿ ಶೀಟು ಒಂದೇ ಹೆಚ್ಚುಕಮ್ಮಿ 35 ಕೆಜಿ ಬರುತ್ತೆ, ಎತ್ತಿ ಇಳಿಸೋಕೆ ಇಬ್ರು ಬೇಕು. ಆಮೇಲೆ 12 ಎಂಎಂಗೆ ಇಳಿಸಿ ಕೆಳಗೆ ಅಡ್ಡಪಟ್ಟಿ ಒಂದು ಜಾಸ್ತಿ ಕೊಟ್ಟೆ, ಅಷ್ಟೇ ಗಟ್ಟಿ, ಒಬ್ನೇ ಎತ್ತಬಹುದು. ನಾನು ಐದಡಿ ಆರಿಂಚು, ಸ್ವಲ್ಪ ಓರೆಯಾಗಿ ಮಲಗಿದ್ರೆ ಕಾಲು ಪೂರ್ತಿ ಚಾಚಬಹುದು, ಆರಡಿ ಇರೋರಿಗೆ ಇದು ಆಗಿಬರಲ್ಲ ಅಂತ ನೇರವಾಗೇ ಹೇಳ್ತೀನಿ. ಹಲಗೆ ಕೆಳಗೆ ನೀರಿನ ಕ್ಯಾನು, ಸ್ಟವ್, ಪಾತ್ರೆ ಡಬ್ಬ. ಹಾಸಿಗೆ ಸಮೇತ ಒಟ್ಟು ಖರ್ಚು 38 ಸಾವಿರದ ಒಳಗೆ ಮುಗೀತು.

ಇದ್ರಲ್ಲಿ ಕಲಿತ ದೊಡ್ಡ ಪಾಠ ಗಾಳಿದು. ಮೊದಲ ರಾತ್ರಿ ಮಳೆ ಅಂತ ಗ್ಲಾಸ್ ಎಲ್ಲ ಮುಚ್ಚಿ ಮಲಗಿದ್ವಿ, ಬೆಳಗ್ಗೆ ಎದ್ರೆ ಗಾಜಿನ ಒಳಗಿಂದ ನೀರು ಇಳೀತಿದೆ, ಹಾಸಿಗೆ ಅಂಚು ಒದ್ದೆ. ಮಳೆ ಒಳಗೆ ಬಂದಿರ್ಲಿಲ್ಲ, ಎಲ್ಲ ನಮ್ಮಿಬ್ಬರ ಉಸಿರಿನದೇ ತೇವ. ಈಗ ಎರಡೂ ಕಡೆ ಗ್ಲಾಸ್ ಎರಡು ಬೆರಳಷ್ಟು ಇಳಿಸಿ ಮೇಲೆ ಮಳೆ ತಡಿಯೋ ವೈಸರ್ ಪಟ್ಟಿ, ಒಳಗಿಂದ ಮ್ಯಾಗ್ನೆಟ್ ಹೊಲಿದ ಸೊಳ್ಳೆಪರದೆ, ಕಂಪ್ಯೂಟರ್ ಒಳಗೆ ಹಾಕೋ ಹನ್ನೆರಡು ವೋಲ್ಟಿನ ಸಣ್ಣ ಫ್ಯಾನು ಒಂದು ಕಡೆ ಗಾಳಿ ಹೊರಗೆ ತಳ್ಳೋ ಹಾಗೆ. ಆಮೇಲೆ ಒಂದ್ಸಲಾನೂ ಒದ್ದೆ ಆಗಿಲ್ಲ. ಇನ್ನೊಂದು ಮಾತು, ದಯವಿಟ್ಟು ಮಳೆ ಬರ್ತಿದೆ ಅಂತ ಗಾಡಿ ಒಳಗೆ ಸ್ಟವ್ ಹಚ್ಚಬೇಡಿ, ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣಾನೂ ಇಲ್ಲ ವಾಸನೆನೂ ಇಲ್ಲ, ನಿದ್ದೇಲೇ ಜೀವ ಹೋಗುತ್ತೆ.

ಜಿಮ್ನಿ ಕಥೆ ಬೇರೆ. 210 ಎಂಎಂ ಗ್ರೌಂಡ್ ಕ್ಲಿಯರೆನ್ಸು, ನಿಧಾನಕ್ಕೆ ಜಾಸ್ತಿ ಬಲ ಕೊಡೋ ಫೋರ್ ಲೋ ಗೇರು, ತೋಟದ ಜೀಪ್ ರಸ್ತೇಲಿ ಕೆಂಪು ಕೆಸರು ಹತ್ತುವಾಗ ಅದರ ನಿಧಾನ, ಹಿಡಿತ ನೋಡೋಕೇ ಖುಷಿ. ಅದೇ ಏರಿನ ಬುಡದಲ್ಲಿ ಈಕೋನ ನಾನು ಟಾರ್ ರಸ್ತೆ ಪಕ್ಕಾನೇ ಬಿಟ್ಟು ನಡ್ಕೊಂಡು ಹತ್ತಿದೀನಿ. ಆದ್ರೆ ಹಿಂದಿನ ಸೀಟ್ ಮಡಚದೆ ಹಾಗೇ ಬಿಟ್ರೆ ಡಿಕ್ಕಿ 208 ಲೀಟರು, ಸಾಮಾನು ಅಂದ್ರೆ ಎರಡು ಬ್ಯಾಗು, ಹಾಗಾಗಿ ಮಲಗೋ ಜಾಗ ಮೇಲಕ್ಕೇ ಹೋಗ್ಬೇಕು. ನಾವು ಹಾಕಿದ ಟೆಂಟು 58 ಕೆಜಿ. ಇಲ್ಲಿ ತುಂಬಾ ಜನ ಎಡವೋದು ರೂಫ್ ಲೋಡ್, ಅಂದ್ರೆ ಗಾಡಿ ಚಾವಣಿ ಎಷ್ಟು ಭಾರ ತಡಿಯುತ್ತೆ ಅನ್ನೋ ವಿಷಯದಲ್ಲಿ, ನಿಂತಾಗ ಇಬ್ರು ಮಲಗಿದ್ರೆ ತಡಿಯೋ ರೂಫು ಓಡುವಾಗ ಅಷ್ಟು ಭಾರ ತಡಿಯಲ್ಲ, ತಿರುವಲ್ಲಿ ಗುಂಡೀಲಿ ಆ ತೂಕ ಎಲ್ಲ ಎಳೆದಾಡುತ್ತೆ. ಗಾಡಿ ಮ್ಯಾನುಯಲ್‌ನಲ್ಲಿರೋ ನಂಬರ್ ನೋಡಿ, ಅದ್ರಲ್ಲಿ ಕ್ಯಾರಿಯರ್ ತೂಕ ಕಳೆದು, ಉಳಿದಿದ್ದಕ್ಕೆ ಟೆಂಟ್ ಹುಡುಕಬೇಕು, ಟೆಂಟ್ ತಗೊಂಡು ಆಮೇಲೆ ಮ್ಯಾನುಯಲ್ ತೆಗೆಯೋದಲ್ಲ. ನಾವು ಎರಡನೇದು ಮಾಡಿದ್ವಿ, ಈಗ ಆ ಟೆಂಟು ಟ್ರೈಲರ್ ಮೇಲಿದೆ.

ಆ ಜುಲೈ ರಾತ್ರಿ ಜಿಮ್ನಿ ಟೆಂಟ್ ಬಿಚ್ಚಿ ಏಣಿ ಇಳಿಸಿ ರಾಡ್ ಸಿಗಿಸೋ ಹೊತ್ತಿಗೆ ಇಪ್ಪತ್ತು ನಿಮಿಷ, ಇಬ್ರೂ ತೊಪ್ಪೆ. ಈಕೋದಲ್ಲಿ ನಾಲ್ಕು ನಿಮಿಷ, ಸೀಟಿಂದ ಹಿಂದಕ್ಕೆ ದಾಟಿದ್ರೆ ಮುಗೀತು. ಬೆಳಗ್ಗೆ ಇನ್ನೂ ಕಷ್ಟ, ಒದ್ದೆ ಕ್ಯಾನ್ವಾಸ್ ಹಾಗೇ ಮಡಚಬೇಕು, ಬೆಂಗಳೂರಿಗೆ ಬಂದು ಟೆರೇಸ್ ಮೇಲೆ ಎರಡು ದಿನ ಹರಡಿ ಒಣಗಿಸದಿದ್ರೆ ಬೂಷ್ಟು ಗ್ಯಾರಂಟಿ. ಅಮ್ಮನಿಗೆ ಮಂಡಿನೋವು, "ಈ ಏಣಿ ನನ್ ಕೈಲಾಗಲ್ಲ ಕಣಪ್ಪಾ, ನಾನು ಕೆಳಗೇ ಮಲಗ್ತೀನಿ" ಅಂದ್ಬಿಟ್ರು. ಆದ್ರೆ ಒಂದು ವಿಷಯಕ್ಕೆ ಟೆಂಟಿಗೆ ಕೈ ಮುಗೀತೀನಿ, ಇಂಬಳ, ಅಂದ್ರೆ ರಕ್ತ ಹೀರೋ ಜಿಗಣೆ! ಈಕೋ ಬಾಗಿಲು ತೆಗೆದಿಟ್ಟಿದ್ದ ಹತ್ತು ನಿಮಿಷದಲ್ಲಿ ಮೂರು ಒಳಗೆ ಬಂದಿದ್ವು, ಮೇಲೆ ಟೆಂಟಲ್ಲಿ ಒಂದೂ ಇಲ್ಲ. ನವೆಂಬರ್‌ನಲ್ಲಿ ಹಂಪಿ ಕಡೆ ಅದೇ ಟೆಂಟಲ್ಲಿ ಕಿಟಕಿ ಎಲ್ಲ ತೆಗೆದು ಮಲಗಿದ ರಾತ್ರಿ ಮಾತ್ರ ಮರೆಯೋಕಾಗಲ್ಲ, ಆ ಗಾಳಿ ಯಾವ ಗಾಡಿ ಒಳಗೂ ಸಿಗಲ್ಲ.

ಟ್ರೈಲರ್‌ಗೆ ಬರ್ತೀನಿ. ಆರಡಿ ನಾಲ್ಕಡಿ ಚಾಸಿ, ಲೀಫ್ ಸ್ಪ್ರಿಂಗು, ಹಿಂದೆ ಎಳೆದ್ರೆ ಹೊರಗೆ ಬರೋ ಅಡುಗೆ ಕಟ್ಟೆ, ಮೇಲೆ ಆ ಟೆಂಟು, ಎದೆ ಎತ್ತರಕ್ಕೆ ಇರೋದ್ರಿಂದ ಅಮ್ಮಾನೂ ಹತ್ತಿದ್ರು. ತುಂಬಿದ ಮೇಲೆ ಸುಮಾರು 450 ಕೆಜಿ. ಮೊದಲ ಟ್ರಿಪ್ಪಲ್ಲಿ ಚಿತ್ರದುರ್ಗ ದಾಟಿ ಎಪ್ಪತ್ತರ ಸ್ಪೀಡಿಗೆ ಬರ್ತಿದ್ದ ಹಾಗೆ ಹಿಂದೆ ಟ್ರೈಲರ್ ಬಾಲ ಅಲ್ಲಾಡಿಸೋಕೆ ಶುರುವಾಯ್ತು, ಭಾವ ಬ್ರೇಕ್ ಒತ್ತದೆ ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿದ್ರು, ಹಾಗಾಗಿ ಉಳಿದ್ವಿ. ಬದೀಲಿ ನಿಲ್ಲಿಸಿ ನೋಡಿದ್ರೆ 60 ಲೀಟರ್ ನೀರಿನ ಟ್ಯಾಂಕು ಆಕ್ಸಲ್‌ಗಿಂತ ಹಿಂದೆ. ಒಟ್ಟು ತೂಕದ ಹತ್ತರಲ್ಲಿ ಒಂದು ಪಾಲು ಟ್ರೈಲರ್‌ನ ಗಾಡಿಗೆ ಸಿಗಿಸೋ ಕೊಂಡಿ ಮೇಲೆ ಕೂರಬೇಕು, ಮನೆಗೆ ಬಂದು ಬಾತ್‌ರೂಮ್ ತೂಕದ ಮಿಷನ್ ಮೇಲೆ ಕೊಂಡಿ ಇಟ್ಟು ನೋಡಿದ್ರೆ ಬರೀ 18 ಕೆಜಿ! ಟ್ಯಾಂಕ್ ಮುಂದಕ್ಕೆ ಹಾಕಿದ್ಮೇಲೆ 44. ಅವತ್ತಿಂದ ಎಂಬತ್ತರಲ್ಲೂ ಅಲ್ಲಾಡಿಲ್ಲ. ಟ್ರೈಲರ್ ಮಾಡಿಸೋರು ಬೇರೇನೂ ನೆನಪಿಟ್ಕೊಳ್ಳದಿದ್ರೂ ಇದೊಂದು ನೆನಪಿಡಿ.

ಅದ್ರಲ್ಲಿ ಇರೋ ಸುಖ ಏನಂದ್ರೆ ಒಂದೇ ಕಡೆ ಮೂರು ದಿನ ನಿಂತ್ರೆ ಮನೆ ತರ, ಟ್ರೈಲರ್ ಅಲ್ಲೇ ಬಿಟ್ಟು ಗಾಡಿ ತಗೊಂಡು ಸುತ್ತಾಡಿ ಬರಬಹುದು, ಈಕೋದಲ್ಲಾದ್ರೆ ಒಂದು ಹಾಲಿನ ಪ್ಯಾಕೆಟ್ ತರೋಕೂ ಹಾಸಿಗೆ ಸಮೇತ ಹೊರಡಬೇಕು. ಆದ್ರೆ ಚಾರ್ಮಾಡಿ ಘಾಟೀಲಿ ಎದುರಿಂದ ಬಸ್ ಬಂದು ಹಿಂದಕ್ಕೆ ತಗೋಬೇಕಾದಾಗ ಗೊತ್ತಾಗುತ್ತೆ ಅದರ ಕಷ್ಟ, ಸ್ಟೀರಿಂಗ್ ಒಂದು ಕಡೆ ತಿರುಗಿಸಿದ್ರೆ ಟ್ರೈಲರ್ ಇನ್ನೊಂದು ಕಡೆ ಹೋಗುತ್ತೆ. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನೋಕೆ ನಿಲ್ಲಿಸಲೂ ಜಾಗ ಹುಡುಕಬೇಕಾಯ್ತು. ಟ್ರೈಲರ್ ತಂದಿದ್ದ ಜುಲೈ ರಾತ್ರಿ ತೋಟದ ಗೇಟಲ್ಲಿ ತಿರುವು ಸಾಲದೆ, ಕೊಂಡಿ ಬಿಚ್ಚಿ ನಾಲ್ಕು ಜನ ತಳ್ಳಿ ಒಳಗೆ ಹಾಕಿದ್ವಿ, ಮಲಗೋ ಹೊತ್ತಿಗೆ ಐವತ್ತು ನಿಮಿಷ.

ಕರೆಂಟಿಗೆ ಮೂರಕ್ಕೂ ಒಂದೇ ಡಬ್ಬ ಬಳಸಿದ್ದು, 12.8 ವೋಲ್ಟ್ 100 ಆಂಪಿಯರ್ ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, ಅಂದ್ರೆ 1280 ವಾಟ್ ಅವರ್, ಸಣ್ಣ ಫ್ರಿಡ್ಜು ಫ್ಯಾನು ಲೈಟು ಸೇರಿ ಎರಡು ದಿನ ಆರಾಮ. ನೂರು ವಾಟಿನ ಸೋಲಾರ್ ಹಂಪೀಲಿ ಕೆಲಸ ಮಾಡುತ್ತೆ, ಮಲೆನಾಡ ಮಳೇಲಿ ಅದನ್ನ ಲೆಕ್ಕಕ್ಕೇ ಇಡಬೇಡಿ. ಗಾಡಿ ಓಡುವಾಗ ಚಾರ್ಜ್ ಮಾಡೋ ಇಪ್ಪತ್ತು ಆಂಪಿಯರ್ ಡಿಸಿ ಚಾರ್ಜರ್ ಹಾಕ್ಸಿ, ಮೂರು ಗಂಟೆ ಓಡಿದ್ರೆ 60 ಆಂಪಿಯರ್ ಅವರ್ ವಾಪಸ್ ಬರುತ್ತೆ.

ಕಾನೂನು ಕಡೆ ಟ್ರೈಲರ್‌ಗೆ ಬೇರೆ ರಿಜಿಸ್ಟ್ರೇಷನ್, ಬೇರೆ ನಂಬರು ಬೇಕೇ ಬೇಕು. ಗಾಡಿ ಬಾಡಿ ಕೊಯ್ದು ಬದಲಾಯಿಸಿದ್ರೆ ಮೋಟಾರ್ ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಬರುತ್ತೆ, ಇನ್ಶೂರೆನ್ಸ್ ಕ್ಲೇಮಿಗೂ ಅಡ್ಡಿ, ನಾನು ಬಿಚ್ಚಿ ಹಾಕೋ ಫ್ರೇಮಿಗೆ ಅಂಟ್ಕೊಂಡಿರೋದು ಇದಕ್ಕೇ. ಕಾಡೊಳಗೆ ಕೇಳದೆ ಮಲಗೋದಂತೂ ಬೇಡವೇ ಬೇಡ, ತೋಟದವರನ್ನ, ಹೊಲದವರನ್ನ ಕೇಳಿದ್ರೆ ಜಾಗ ಸಿಗುತ್ತೆ, ನಮಗೆ ಇಲ್ಲಿವರೆಗೆ ಯಾರೂ ಇಲ್ಲ ಅಂದಿಲ್ಲ.

ದಿನಕ್ಕೊಂದು ಊರು ಅಂತ ಓಡಾಡೋ ಇಬ್ಬರಿಗೆ ನಾನು ಈಕೋನೇ ಹೇಳೋದು. ಮಕ್ಕಳು, ಅಮ್ಮ ಎಲ್ಲ ಸೇರಿ ಮರವಂತೆ ಕಡೆ ನಾಲ್ಕು ದಿನ ಅಂದ್ರೆ ಭಾವನಿಗೆ ಫೋನ್ ಮಾಡ್ತೀನಿ. ಜಿಮ್ನಿ ಇರೋರು ಟೆಂಟ್ ಮೇಲೆ ಹಾಕೋ ಮುಂಚೆ ಮುಂದಿನ ಸೀಟಿನ ಹೆಡ್‌ರೆಸ್ಟ್ ತೆಗೆದು ಬೆನ್ನು ಹಿಂದಕ್ಕೆ ಒರಗಿಸಿ ಒಳಗೇ ಒಂದು ರಾತ್ರಿ ಮಲಗಿ ನೋಡಿ, ನಡುವಿನ ತಗ್ಗಿಗೆ ಎರಡು ಜಮಖಾನ ಮಡಚಿ ತುಂಬಿದ್ರೆ ಒಬ್ಬರಿಗೆ ಧಾರಾಳ ಸಾಕು.