ಕಡಿಮೆ ಓಡಿದ ಕಾರೋ, ಬಿಲ್ ಇರುವ ಕಾರೋ?

ಸೆಕೆಂಡ್ ಹ್ಯಾಂಡ್‌ನಲ್ಲಿ ಒಂದು ಪರ್ಫಾರ್ಮೆನ್ಸ್ ಕಾರು (ಹೆಚ್ಚು ಶಕ್ತಿಯ, ವೇಗದ ಕಾರು) 30,000 ಕಿ.ಮೀ. ಓಡಿದೆ, ಸರ್ವಿಸ್ ಬಿಲ್ ಒಂದೂ ಇಲ್ಲ. ಇನ್ನೊಂದು 90,000 ಓಡಿದೆ, ಪ್ರತಿ ಆಯಿಲ್ ಬದಲಾವಣೆಗೂ ಬಿಲ್ ಇದೆ.

ಎಂಜಿನ್ ವಿಷಯದಲ್ಲಿ ನನ್ನ ಓಟು ಎರಡನೆಯದಕ್ಕೆ. ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಟರ್ಬೋದ ಬೇರಿಂಗ್‌ಗೆ ಆಯಿಲೇ ಜೀವ. ಹಳೇ ಆಯಿಲ್‌ನಲ್ಲೇ ಓಡಿಸಿದ್ದರೆ ಮೀಟರ್ ಅದನ್ನು ಹೇಳಲ್ಲ. ಸುಮ್ನೆ ನಿಂತ ಕಾರಿನಲ್ಲೂ ರಬ್ಬರ್ ಸೀಲ್ ಒಣಗುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ. ಟೈರಿಗೂ ವಯಸ್ಸಾಗುತ್ತದೆ, ಅದರ ಬದಿಯ ನಾಲ್ಕಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು.

ಖರ್ಚು? ಜಾಸ್ತಿ ಓಡಿದ್ದಕ್ಕೆ ಕ್ಲಚ್, ಸಸ್ಪೆನ್ಷನ್ ಕೆಲಸ ಬೇಗ ಬರಬಹುದು. ಆಗಲೇ ಬದಲಾಯಿಸಿದ್ದರೆ ಲಾಭ ನಿಮಗೇ, ಅಲ್ವಾ? ಮತ್ತೆ ಮಾರುವಾಗ ಮಾತ್ರ ಕಡಿಮೆ ಕಿಲೋಮೀಟರಿಗೇ ಬೆಲೆ ಜಾಸ್ತಿ.

ದಿನಾ ಓಡಿಸುವವರಿಗೆ ಬಿಲ್ ಇರುವ ಕಾರು. ಅಪರೂಪಕ್ಕೆ ಓಡಿಸಿ ಬೇಗ ಮಾರುವವರು ಕಡಿಮೆ ಓಡಿದ್ದನ್ನು ತಗೊಳ್ಳಬಹುದು. ಆದರೆ ಮೊದಲೇ ಕಂಪ್ರೆಷನ್ ಟೆಸ್ಟ್ (ಎಂಜಿನ್ ಸಿಲಿಂಡರ್‌ಗಳ ಒತ್ತಡ ನೋಡುವ ಪರೀಕ್ಷೆ) ಮಾಡಿಸಿ, ಟೈರು, ಬೆಲ್ಟ್, ಆಯಿಲ್‌ಗಳಿಗೆ ದುಡ್ಡು ತೆಗೆದಿಡಿ.