ವಾಲ್ಕೀ: ಗಂಜಿನ ದಾಲ್ ಮಿಲ್ಲಿಗೆ ಹೊಂದಿಕೊಂಡದ

ಕಲಬುರಗಿ ನೆಹರು ಗಂಜಿನ ದಾಲ್ ಮಿಲ್ಲೊಂದಕ್ಕ ನಾನೇ ಸಾಫ್ಟ್‌ವೇರ್ ಬರದು ಕೊಟ್ಟೀನಿ. ತೊಗರಿ ಗಾಡಿ ಟೋಕನ್, ಪರದೆ ಮ್ಯಾಲಿನ ದರ, ಎಲ್ಲಾ ಮೊದಲು ರೆಡಿಸ್‌ನಾಗ (ಮಾಹಿತಿ ಮೆಮೊರಿಯಾಗ ಇಟ್ಟು ಜಲ್ದಿ ಕೊಡೋ ಡೇಟಾಬೇಸ್) ಇತ್ತು, ಈಗ ವಾಲ್ಕೀದಾಗ. ವಾಲ್ಕೀ ಅಂದ್ರ ರೆಡಿಸ್ 7.2.4 ಆವೃತ್ತಿಯ ಕೋಡ್‌ನಿಂದಲೇ ಕವಲೊಡೆದದ್ದು, ಹಂಗಾಗಿ ನನ್ನ ಕೋಡ್ ಮುಟ್ಟೋ ಪ್ರಸಂಗ ಬರಲಿಲ್ಲ. ಸುಗ್ಗಿಯಾಗ ಗಾಡಿ ಸಾಲುಗಟ್ಟಿದಾಗೂ ತಡವರಿಸಿಲ್ಲ.

ಬದಲಿಸಿದ್ದು ಲೈಸೆನ್ಸ್ ಸಲುವಾಗಿ. 2024ರ ಮಾರ್ಚ್‌ನಾಗ ರೆಡಿಸ್ ಕಂಪನಿ, ಯಾರು ಬೇಕಾದ್ರೂ ಪುಗಸಟ್ಟೆ ಬಳಸಬಹುದಾದ ಬಿಎಸ್‌ಡಿ ಲೈಸೆನ್ಸ್ ಕೈಬಿಟ್ಟಿತು. ದೊಡ್ಡ ಕ್ಲೌಡ್ ಕಂಪನಿಗಳು ಪುಗಸಟ್ಟೆ ತೊಗೊಂಡು ಸೇವೆ ಮಾರ್ತಾವ ಅಂತ ಅವರ ಸಿಟ್ಟು. ಅದೇನೂ ಸುಳ್ಳಲ್ಲ. ಖರೇ ಅಂದ್ರ ನಮ್ಮಂಥ ಸಣ್ಣವರಿಗೆ ಹೊಸ ಷರತ್ತು ಅಷ್ಟೇನೂ ತಟ್ತಿರಲಿಲ್ಲ. ಆದ್ರ ಹೊರಗಿನವರೂ ವರ್ಷಗಟ್ಟಲೆ ಕೋಡ್ ಕೊಟ್ಟಿದ್ರಲ್ಲ, ಅವರ ಮಾತಿಗೆ ಕಿಮ್ಮತ್ತಿಲ್ಲೇನು? ಅದೇ ತಿಂಗಳು ಓಪನ್ ಸೋರ್ಸ್ ಕೆಲಸ ನಡೆಸೋ ಲಿನಕ್ಸ್ ಫೌಂಡೇಶನ್ ಅಡಿ ವಾಲ್ಕೀ ಬಂತು, ಬಿಎಸ್‌ಡಿ ಲೈಸೆನ್ಸಿನಾಗೇ. 2025ರಾಗ ರೆಡಿಸ್ 8 ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸಿನ ಆಯ್ಕೆ ಕೊಟ್ಟದ. ಚಲೋನೇ, ಆದ್ರ ನಾ ವಾಪಸ್ ಹೋಗಂಗಿಲ್ಲ.

ಒಂದು ತೊಡಕದ: ರೆಡಿಸ್ 7.4 ಮತ್ತು ನಂತರದ ಡೇಟಾ ಫೈಲ್ ವಾಲ್ಕೀಗೆ ಹೊಂದಂಗಿಲ್ಲ. ಹಳೇ ಆವೃತ್ತಿ ಮ್ಯಾಲಿದ್ದವರು ಈಗಲೇ ಬದಲಿಸ್ರಿ. ಮಾಲಕರು ಕೇಳಿದ್ದು ಮಾತ್ರ, “ವರ್ಷಾ ರೊಕ್ಕ ಕಟ್ಟಬೇಕೇನ್ರಿ?” ಇಲ್ರಿ ಅಂದೆ.