ಮೂರು ಮಾನಿಟರ್ ಗೇಮಿಂಗ್ ಸೆಟಪ್: ಮಳೆಗಾಲಗಳನ್ನೂ ದಾಟಿದ ಮೇಲೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಮೂರು ಮಾನಿಟರ್ ಒಟ್ಟಿಗೆ ಓಡುತ್ತಿವೆ. ನಡುವೆ 27 ಇಂಚಿನ 1440ಪಿ (2560×1440 ಪಿಕ್ಸೆಲ್), 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಎಡಕ್ಕೂ ಬಲಕ್ಕೂ 24 ಇಂಚಿನ ಹಳೆಯ 1080ಪಿ (1920×1080), 60 ಹರ್ಟ್ಸ್. ಗ್ರಾಫಿಕ್ಸ್ ಕಾರ್ಡ್ ಎನ್ವಿಡಿಯಾದ್ದು. ಆಡುವುದು ಹೆಚ್ಚಾಗಿ ಲಾರಿ, ಕಾರು ಓಡಿಸುವ ಆಟ. ಆಗುಂಬೆ ಘಾಟಿಯ 14 ತಿರುವು ಇಳಿದವರಿಗೆ ಪಕ್ಕದ ಸ್ಕ್ರೀನ್ ಯಾಕೆ ಬೇಕು ಅಂತ ಬಿಡಿಸಿ ಹೇಳಬೇಕಿಲ್ಲ. ಮಜಾ ಭರ್ಜರಿ. ತಕರಾರೆಲ್ಲ ರೆಸಲ್ಯೂಶನ್ ಬಗ್ಗೆ, ಅದರಲ್ಲೂ ಕಾರ್ಡ್ ಮೇಲೆ ಅನುಮಾನ ಬಂದರೂ ಹೆಚ್ಚಿನ ಸಲ ತಪ್ಪು ಬೇರೆ ಕಡೆ ಇರುತ್ತದೆ.

ಮೊದಲನೆಯದು ಪೋರ್ಟ್. ನಡುವಿನ ಮಾನಿಟರ್ ಜೊತೆ ಬಂದದ್ದು ಎಚ್‌ಡಿಎಂಐ ಕೇಬಲ್. ಅದನ್ನು ಹಾಕಿದರೆ 1440ಪಿಯಲ್ಲಿ 75 ಹರ್ಟ್ಸ್‌ಗಿಂತ ಮೇಲಿನ ಆಯ್ಕೆಯೇ ಕಾಣಲಿಲ್ಲ. ದುಬಾರಿ ಕೇಬಲ್ ತಂದರೂ ಅಷ್ಟೇ, ಯಾಕೆಂದರೆ ಮಾನಿಟರಿನ ಎಚ್‌ಡಿಎಂಐ 1.4ರದು, ಅದರ ಮಿತಿ ಸೆಕೆಂಡಿಗೆ 10.2 ಗಿಗಾಬಿಟ್. ಮಾನಿಟರಿನ ಇನ್ನೊಂದು ಪೋರ್ಟ್ ಡಿಸ್‌ಪ್ಲೇಪೋರ್ಟ್ 1.2, ಅದರಲ್ಲಿ ಈ ಮಿತಿ 21.6. ಶಿವಮೊಗ್ಗದ ದುರ್ಗಿಗುಡಿಗೆ ಹೋದಾಗ ಡಿಸ್‌ಪ್ಲೇಪೋರ್ಟ್ ಕೇಬಲ್ ತಂದೆ, ಅಲ್ಲಿಗೆ ಮುಗಿಯಿತು. ಆದರೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ 144 ಅನ್ನು ಕೈಯಾರೆ ಆರಿಸಬೇಕಾಯಿತು.

ನಿಜವಾದ ತಲೆನೋವು ಎನ್ವಿಡಿಯಾದ ಸರೌಂಡ್. ಮೂರನ್ನೂ ಸೇರಿಸಿ ಒಂದೇ ಅಗಲ ಪರದೆ ಮಾಡುವ ಈ ಸೌಲಭ್ಯಕ್ಕೆ ಎಲ್ಲ ಮಾನಿಟರೂ ಒಂದೇ ರೆಸಲ್ಯೂಶನ್, ಒಂದೇ ರಿಫ್ರೆಶ್ ರೇಟಿನಲ್ಲಿ ಓಡಬೇಕು. ಹಾಗಾಗಿ ನಮ್ಮನೆಯ ಒಳ್ಳೆಯ ಮಾನಿಟರ್ ಕೂಡ 1080ಪಿ, 60 ಹರ್ಟ್ಸ್‌ಗೆ ಇಳಿಯುತ್ತದೆ. ಒಟ್ಟು ಪರದೆ 5760×1080. ನಡುವಿನದರಲ್ಲಿ ಅಕ್ಷರ ಮಸುಕು: 1440 ಎಂಬುದು 1080ರ 1.33 ಪಟ್ಟು, ಒಂದು ಪಿಕ್ಸೆಲ್ಲನ್ನು ಸರಿಯಾಗಿ ಹಂಚಲು ಬರುವುದಿಲ್ಲ. ಅದೇ ಜಾಗದಲ್ಲಿ 4ಕೆ (2160ಪಿ) ಇದ್ದಿದ್ದರೆ ನೇರ ಎರಡು ಪಟ್ಟು, ಹಂಚಿಕೆ ಸುಲಭ. ಇದಕ್ಕೆ ಸೆಟ್ಟಿಂಗ್ಸ್‌ನಲ್ಲಿ ಮದ್ದಿಲ್ಲ. ನಾನು ಕಾರ್ ರೇಸ್ ಆಡುವಾಗ ಮಾತ್ರ ಸರೌಂಡ್ ಹಾಕುತ್ತೇನೆ, ಉಳಿದಂತೆ ಆಫ್. ಇನ್ನೊಂದು: ಮೂರೂ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಹೋಗಬೇಕು. ಜೋಡಿಸಿಕೊಟ್ಟವರು ಒಂದನ್ನು ಮದರ್‌ಬೋರ್ಡಿಗೆ ಸಿಕ್ಕಿಸಿದ್ದರು, ಆ ಸ್ಕ್ರೀನ್ ಸರೌಂಡ್ ಪಟ್ಟಿಗೇ ಬರಲಿಲ್ಲ.

ಕೆಲವು ಹಳೆಯ ಆಟಗಳು 2560×1440 ಬಿಟ್ಟು 2048×1152 ತೋರಿಸುತ್ತವೆ. ಗಾಬರಿ ಬೇಡ, ಅದು ವಿಂಡೋಸ್‌ನ 125% ಸ್ಕೇಲಿಂಗ್ (ಅಕ್ಷರ, ಚಿತ್ರ ದೊಡ್ಡದು ಮಾಡುವ ಸೆಟ್ಟಿಂಗ್) ಮಾಡಿದ ಭಾಗಾಕಾರ. ಆಟದ ಎಕ್ಸಿ (.exe) ಫೈಲಿನ ಪ್ರಾಪರ್ಟೀಸ್, ಕಂಪ್ಯಾಟಿಬಿಲಿಟಿ, ಹೈ ಡಿಪಿಐ ಸೆಟ್ಟಿಂಗ್ಸ್‌ಗೆ ಹೋಗಿ ಓವರ್‌ರೈಡ್‌ಗೆ ಟಿಕ್ ಹಾಕಿ 'ಅಪ್ಲಿಕೇಶನ್' ಅಂತ ಕೊಟ್ಟರೆ ಸರಿಹೋಗುತ್ತದೆ. ಎಡಗಡೆ ಸ್ಕ್ರೀನ್ ಬಣ್ಣ ತೊಳೆದಂತೆ ಕಂಡದ್ದಕ್ಕೆ ಎನ್ವಿಡಿಯಾ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಔಟ್‌ಪುಟ್ ಡೈನಮಿಕ್ ರೇಂಜನ್ನು ಫುಲ್ ಮಾಡಿದೆ.

ಇನ್ನು ಮಳೆಗಾಲ. ಜುಲೈನಲ್ಲಿ ಇಲ್ಲಿ ಕರೆಂಟು ಹೋಗಿ ಬರುವುದಕ್ಕೆ ಲೆಕ್ಕವಿಲ್ಲ. ಮೊದಲು ಯುಪಿಎಸ್‌ನಲ್ಲಿ ಕಂಪ್ಯೂಟರ್ ಮಾತ್ರ ಇತ್ತು. ಮಾನಿಟರ್ ಆರಿದರೆ ಡಿಸ್‌ಪ್ಲೇಪೋರ್ಟಿನದನ್ನು ವಿಂಡೋಸ್ ಕಿತ್ತೇ ಹಾಕಿದ್ದಾರೆ ಅಂದುಕೊಳ್ಳುತ್ತದೆ, ಆಟದ ಕಿಟಕಿ ಪಕ್ಕದ ಸ್ಕ್ರೀನಿಗೆ ಓಡಿ 1080ಪಿಗೆ ಕುಗ್ಗುತ್ತದೆ. ಕರೆಂಟು ಬಂದ ಮೇಲೆ ಸರೌಂಡ್ ಮತ್ತೆ ಕಟ್ಟಬೇಕು. 24 ಇಂಚಿನ ಎಲ್‌ಇಡಿ ಮಾನಿಟರ್ ತಿನ್ನುವುದು 20-25 ವಾಟ್ ಅಷ್ಟೇ. ಮೂರನ್ನೂ ಯುಪಿಎಸ್‌ಗೆ ಕೊಟ್ಟ ಮೇಲೆ ಈ ಕಾಟ ನಿಂತಿತು. ಕಾರ್ಡಿನ ಡ್ರೈವರ್ ಸಾಫ್ಟ್‌ವೇರನ್ನು ಎಷ್ಟೋ ಸಲ ಬದಲಿಸುವುದಕ್ಕಿಂತ ಇದು ಹೆಚ್ಚು ಕೆಲಸ ಮಾಡಿದೆ.

ಐದಕ್ಕೆ ಮೂರೂವರೆ ಕೊಡುತ್ತೇನೆ, ಕಡಿತವೆಲ್ಲ ಆ ನಡುವಿನ ಮಸುಕಿಗೆ. ಹೊಸದಾಗಿ ತಗೊಳ್ಳುವವರು ಮೂರೂ ಒಂದೇ ಮಾಡೆಲ್ ತಗೊಳ್ಳಿ, ದುಡ್ಡು ಕಮ್ಮಿ ಇದ್ದರೆ ಮೂರೂ 1080ಪಿಯೇ ಇರಲಿ. ಅಂಗಡಿಗೆ ಹೋಗುವ ಮುಂಚೆ ಕಾರ್ಡಿನ ಹಿಂಭಾಗದಲ್ಲಿ ಡಿಸ್‌ಪ್ಲೇಪೋರ್ಟ್ ಎಷ್ಟಿವೆ, ಎಚ್‌ಡಿಎಂಐ ಎಷ್ಟಿವೆ ಅಂತ ಒಂದು ಫೋಟೋ ತೆಗೆದಿಟ್ಟುಕೊಳ್ಳಿ.